ಬಲಕ್ಕೇ ತಿರುಗುವ ಕಲ್ಲು

ಹೆಮ್ಮೆಯೊಂದು ಬೇಡಪ್ಪಾ ತಂದೆ ಎಂದು ದಿನವೂ ದೀಪ ಹಚ್ಚುವಾಗ ಬೇಡಿಕೊಳ್ಳುವವಳು ನಾನು. ನನ್ನ ಬೇರೆ ಬೇಡಿಕೆಗಳಿಗೆ ವರ್ಷಗಟ್ಟಲೆ ಕಾಯಿಸಿದ ದೇವರು ಇದೊಂದನ್ನು ಮಾತ್ರ ತಡವಿಲ್ಲದೆ ನಡೆಸಿಕೊಡುತ್ತಿದ್ದ. ಹೆಮ್ಮೆ ಪಡುವಂಥದ್ದು ನನ್ನ ಕೈಯಿಂದ ಏನೂ ಆಗುತ್ತಿರಲಿಲ್ಲವಾದ್ದರಿಂದ ಅವನಿಗೂ ಅದು ಸುಲಭದ ಕೆಲಸವೇ ಆಗಿತ್ತೆನ್ನಿ. ಹೋಳಿಗೆ ಹರಿಯದೆ ಕಾವಲಿಯಿಂದ ಎದ್ದು ಬಂದರೆ, ಇಂಡಿಯನ್ ಗ್ರೋಸರಿಯಲ್ಲಿ ಬಾಡದ ಕರಿಬೇವು ಸಿಕ್ಕರೆ, 680 ಹೆದ್ದಾರಿಯಲ್ಲಿ ಎಡಗಡೆಯ ಲೇನಿಗೆ ಹೋದವಳು ಜೀವಸಹಿತ ಬಲಗಡೆಗೆ ಬಂದು ನಮ್ಮ ಎಕ್ಸಿಟ್ಟು ಹಿಡಿದರೆ, ಅಷ್ಟಕ್ಕೇ ನಾನು ಮನಸ್ಸಿನಲ್ಲಿ ಕೈಮುಗಿಯುತ್ತೇನೆ. ಆದರೆ ಈ ವರ್ಷ ಮಾತ್ರ ನಾವಿರುವ ಸ್ಯಾನ್ ರಮೋನಿನ ಬೀದಿಯಲ್ಲಿ ವಾಕಿಂಗಿಗೆ ಹೊರಟರೆ ನನ್ನ ಕುತ್ತಿಗೆ ತಾನಾಗಿಯೇ ಸ್ವಲ್ಪ ಮೇಲಕ್ಕೆ ಏಳುತ್ತಿದೆ. ಮಂಜುಗಡ್ಡೆಯ ಮೇಲೆ ಆಡುವ ಒಂದು ಆಟದಲ್ಲಿ ನಾನೂ ನಮ್ಮತ್ತೆಯೂ ಜೋಡಿಯಾಗಿ ಇಡೀ ಸೀಸನ್ ಆಡಿದೆವು. ಒಂದನ್ನೂ ಬಿಡದಂತೆ ಎಲ್ಲ ಪಂದ್ಯವನ್ನೂ ಸೋತೆವು. ಹೆಮ್ಮೆ ಅದಕ್ಕೇ ಎಂದರೆ ನೀವು ನಗಬಹುದು. ನಮ್ಮನೆಯವರು ನಕ್ಕಾಗಿದೆ.

ಆಟದ ಹೆಸರು ಕರ್ಲಿಂಗ್. ದೊಡ್ಡ ಕುಂಬಳಕಾಯಿಯಷ್ಟು ಗಾತ್ರದ, ಮೇಲೆ ಹಿಡಿಯಿರುವ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ, ಆ ತುದಿಯಲ್ಲಿ ಬಣ್ಣದಲ್ಲಿ ಬರೆದ ಸುತ್ತುಗಳ ನಡುವೆ ನಿಲ್ಲಿಸಬೇಕು. ನಡುವಿನ ಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅಂಕ ಅವರಿಗೆ. ಟೀವಿಯಲ್ಲಿ ನೀವು ನೋಡಿರುವ ಆಟದಲ್ಲಿ ಒಬ್ಬರು ಒಂದು ಕಾಲು ಮಡಚಿ, ಇನ್ನೊಂದನ್ನು ಹಿಂದಕ್ಕೆ ಚಾಚಿ, ನೆಲಕ್ಕೆ ಹೊಟ್ಟೆ ತಾಗುವ ಹಾಗೆ ತೇಲಿಹೋಗುತ್ತಾರೆ. ಇನ್ನಿಬ್ಬರು ಕಲ್ಲಿನ ಮುಂದೆ ಓಡೋಡುತ್ತ ಪೊರಕೆ ಉಜ್ಜುತ್ತಾರೆ. ನಮ್ಮದು ಹಾಗಲ್ಲ. ಇದು ಎಲ್ಲರೂ ಆಡಬಹುದಾದ ಬಗೆ. ಜೋಡಿಗೆ ಇಬ್ಬರೇ. ಒಬ್ಬರು ಈ ತುದಿ, ಒಬ್ಬರು ಆ ತುದಿ. ಉದ್ದನೆಯ ಕೋಲಿನ ತುದಿಯನ್ನು ಕಲ್ಲಿನ ಹಿಡಿಗೆ ಸಿಕ್ಕಿಸಿ, ನಿಂತೇ ನಾಲ್ಕು ಹೆಜ್ಜೆ ನಡೆದು ತಳ್ಳಿಬಿಟ್ಟರೆ ಆಯಿತು. ಗಾಲಿಕುರ್ಚಿಯಲ್ಲಿ ಕೂತೂ ತಳ್ಳಬಹುದು. ಬಗ್ಗುವುದಿಲ್ಲ, ಓಡುವುದಿಲ್ಲ, ಆ ತುದಿಗೂ ಈ ತುದಿಗೂ ಅಲೆಯುವುದಿಲ್ಲ. ಒಂದು ಸುತ್ತಿನಲ್ಲಿ ಈ ತುದಿಯವರು ತಳ್ಳಿದರೆ ಆ ತುದಿಯವರು ಕೋಲು ನೆಟ್ಟು ಗುರಿ ತೋರಿಸಬೇಕು. ಮುಂದಿನ ಸುತ್ತಿನಲ್ಲಿ ಅದೇ ತಿರುಗುಮುರುಗು.

ಇದನ್ನು ಹುಡುಕಿಕೊಟ್ಟವಳು ನನ್ನ ಮಗಳು ಅನಘಾ. ಅತ್ತೆಯ ಎರಡೂ ಮಂಡಿಗಳಿಗೆ ಆಪರೇಷನ್ ಆಗಿದೆ, ನನ್ನವು ಸರದಿಯಲ್ಲಿವೆ. ದೇವಸ್ಥಾನದಲ್ಲಿ ನಾವಿಬ್ಬರೂ ಹಿಂದಿನ ಸಾಲಿನ ಮಡಚುವ ಕುರ್ಚಿಗಳ ಕಾಯಂ ಭಕ್ತರು; ಸಾಷ್ಟಾಂಗವನ್ನು ಕಣ್ಣಿನಲ್ಲೇ ಮುಗಿಸುವವರು. "ಅಮ್ಮಾ, ಅಜ್ಜಿ ಸೋಫಾದಿಂದ ಏಳ್ತಾನೇ ಇಲ್ಲ. ಇಟ್ಸ್ ಇನ್‌ಕ್ಲೂಸಿವ್. ನೋ ನೀಲಿಂಗ್. ಜಸ್ಟ್ ಟ್ರೈ ಇಟ್," ಎಂದು ಅವಳು ಫೋನ್ ಮುಂದೆ ಹಿಡಿದಳು. ಮಂಡಿ ಊರಬೇಕಾಗಿಲ್ಲ ಎಂದು ಬರೆದಿದ್ದು ಕಂಡ ಕೂಡಲೇ ನನಗದು ದೇವರ ಕರೆಯಂತೆಯೇ ಕೇಳಿಸಿತು.

ಇಲ್ಲಿ ನಮ್ಮತ್ತೆಯ ವಿಷಯ ನಾಲ್ಕು ಮಾತು ಹೇಳಬೇಕು. ಅವರು ಧಾರವಾಡದವರು, ಹೆಸರು ಸುಂದರಾಬಾಯಿ. ನಾನು ಹಾಸನದ ಕಡೆಯವಳು. ಅವರು ನಮ್ಮ ಜೊತೆಗಿದ್ದು ಬಹಳ ವರ್ಷಗಳಾದವು, ಈ ಆಟದವರೆಗೆ ನಮ್ಮಿಬ್ಬರಲ್ಲಿ ಒಂದು ಜಗಳವೂ ಆಗಿರಲಿಲ್ಲ. ಕೇಳಿದವರೆಲ್ಲ ಪುಣ್ಯವಂತೆ ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಒಳಗಿನ ಸಂಗತಿ ಏನೆಂದರೆ, ಜಗಳ ಆಗದಿದ್ದದ್ದು ಮಾತೇ ಆಗದಿದ್ದರಿಂದ. "ಇವತ್ತೇನು ಅಡುಗೆ ಮಾಡಲಿ ಅತ್ತೆ?" "ನಿಂಗ ಹೆಂಗ ಅನಸ್ತದ ಹಂಗ ಮಾಡು." "ಇಲ್ಲ, ನಿಮಗೇನು ಬೇಕೋ ಹೇಳಿ." "ನಂದೇನದ, ನಿಂಗೇನು ಸಲೀಸು ಅದನ್ನ ಮಾಡು." ಹೀಗೆ ಒಬ್ಬರಿಗೊಬ್ಬರು ದಾರಿ ಬಿಟ್ಟು ಬಿಟ್ಟು ಮಧ್ಯಾಹ್ನವಾಗುತ್ತಿತ್ತು. ಡಬ್ಬಿಯಲ್ಲಿ ಕೊನೆಯ ಬೇಸನ್ ಉಂಡೆ ಉಳಿಯಿತೆಂದರೆ ಅತ್ತೆಗಿರಲಿ ಎಂದು ನಾನು, ಸೊಸೆಗಿರಲಿ ಎಂದು ಅವರು ಮುಟ್ಟದೆ, ಅದು ಕಲ್ಲಾಗುವವರೆಗೆ ಕಾದು, ಕೊನೆಗೆ ನಮ್ಮನೆಯವರು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ತಿನ್ನುತ್ತಿದ್ದರು. ನಮ್ಮ ಮರ್ಯಾದೆಯಿಂದ ಲಾಭ ಕಂಡವರು ಮನೆಯಲ್ಲಿ ಅವರೊಬ್ಬರೇ.

ಮೊದಲನೆಯ ದಿನ ಕಲಿಸಲು ಬಂದವರು ಡೊರತಿ ಎಂಬ ಹಿರಿಯ ಹೆಂಗಸು. ಕೆನಡಾದಲ್ಲಿ ಹುಟ್ಟಿ ಬೆಳೆದವರು, ಅತ್ತೆಯ ವಯಸ್ಸಿನವರು. ಅತ್ತೆ ಇಳಕಲ್ ಸೀರೆಯ ಒಳಗೆ ಥರ್ಮಲ್ಲು, ಮೇಲೆ ಮಗನ ಸ್ವೆಟರು, ಕಾಲಿಗೆ ಜಾರದ ಅಡಿಯ ಶೂ ತೊಟ್ಟು ಕಲ್ಲಿನ ಮುಂದೆ ನಿಂತು ಅದನ್ನು ತಲೆಯಿಂದ ಬುಡದವರೆಗೆ ನೋಡಿದರು. "ಸುಮಾ, ಇದು ಬೀಸೂ ಕಲ್ಲಿನ ಮ್ಯಾಲಿನ ತುಕಡಿ. ಕೆಳಗಿಂದು ಎಲ್ಲಿ ಕಳಕೊಂಡಾರ ಇವರು?" ಎಂದರು. ನಾನು ಅನುವಾದಿಸಲಿಲ್ಲ. ಹೊಸ ಕೆಲಸ ಶುರುಮಾಡುವಾಗ ಬರಿಗೈಯಲ್ಲಿ ಹೋಗಬಾರದೆಂದು ನಾನು ಪರ್ಸಿನಲ್ಲಿ ಅಕ್ಷತೆ ತಂದಿದ್ದೆ. ಡೊರತಿ ಆ ಕಡೆ ತಿರುಗಿದಾಗ ಕಲ್ಲಿನ ಮೇಲೆ ನಾಲ್ಕು ಕಾಳು ಹಾಕಿ ಕೈಮುಗಿದೆ. ಒಂದೆರಡು ಕಾಳು ಜಾರಿ ಪಕ್ಕದ ಸಾಲಿನವರೆಗೂ ಉರುಳಿದವು. ಈ ಆಟದಲ್ಲಿ ಮಂಜಿನ ಮೇಲೆ ಒಂದು ತಲೆಗೂದಲು ಬಿದ್ದಿದ್ದರೂ ಕಲ್ಲು ದಾರಿ ತಪ್ಪುತ್ತದೆಂದು ನನಗೆ ಯಾರು ಹೇಳಿದ್ದರು? ಪಕ್ಕದಲ್ಲಿ ಆಡುತ್ತಿದ್ದವರ ಕಲ್ಲೊಂದು ನೆಟ್ಟಗೆ ಬರುತ್ತಿದ್ದದ್ದು ನಡುದಾರಿಯಲ್ಲಿ ತಟಕ್ಕನೆ ನಿಂತು ಮಗ್ಗುಲಿಗೆ ಹೊರಳಿತು. ಡೊರತಿ ಓಡಿಬಂದು ಬಗ್ಗಿ, ಒಂದು ಹಳದಿ ಅಕ್ಕಿಕಾಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇಂಥದ್ದನ್ನು ಈವರೆಗೆ ಇಲ್ಲಿ ಕಂಡಿಲ್ಲ ಎಂಬ ಮುಖದಿಂದ ಎಲ್ಲರನ್ನೂ ನೋಡಿದರು. ಅತ್ತೆ ಚಾವಣಿ ನೋಡಿದರು. ನಾನು ಅತ್ತೆಯನ್ನು ನೋಡಿದೆ.

ಆಮೇಲೆ ಡೊರತಿ ಕಲ್ಲು ತಿರುಗಿಸುವುದನ್ನು ಕಲಿಸಿದರು. ಕಲ್ಲು ಕೈಬಿಡುವ ಹೊತ್ತಿಗೆ ಕೋಲನ್ನು ತುಸು ತಿರುಚಬೇಕು. ಬಲಕ್ಕೆ ತಿರುಚಿದರೆ ಕಲ್ಲು ತನ್ನ ಸುತ್ತ ತಾನು ಮೆಲ್ಲಗೆ ಸುತ್ತುತ್ತ ಹೋಗಿ ಕೊನೆಯಲ್ಲಿ ಬಲಕ್ಕೆ ಬಾಗುತ್ತದೆ. ಎಡಕ್ಕೆ ತಿರುಚಿದರೆ ಎಡಕ್ಕೆ. ದಾರಿಯಲ್ಲಿ ಎದುರಾಳಿಯ ಕಲ್ಲು ಅಡ್ಡ ನಿಂತಿದ್ದರೆ ಅದನ್ನು ಬಳಸಿಕೊಂಡು ಹೋಗಲು ಇದೇ ಉಪಾಯ. ಆಟದ ಜೀವವೇ ಇದರಲ್ಲಿದೆ. ಅತ್ತೆ ಮೊದಲ ಕಲ್ಲಿಗೆ ಕೋಲು ಸಿಕ್ಕಿಸಿದಾಗ ನಾನು ಪಕ್ಕದಲ್ಲಿ ನಿಂತು, "ಬಲಕ್ಕೇ ತಿರುಗಿಸಿ ಅತ್ತೆ, ಒಳ್ಳೇದು," ಎಂದೆ. ಅವರು ಹಾಗೇ ಮಾಡಿದರು. ಕಲ್ಲು ಆತ್ಮಪ್ರದಕ್ಷಿಣೆ ಹಾಕುತ್ತ ಹೋಗಿ ಸುತ್ತಿನ ಅಂಚಿನಲ್ಲಿ ನಿಂತಿತು. ನಾವಿಬ್ಬರೂ ಕೈಮುಗಿದೆವು. ಡೊರತಿ ಅದನ್ನು ನೋಡಿ ತಾವೂ ಕೈಮುಗಿದರು, ಪಾಪ.

ಅಂದಿನಿಂದ ಅತ್ತೆ ಎಡಕ್ಕೆ ತಿರುಗಿಸಿದ್ದೇ ಇಲ್ಲ. ಡೊರತಿ ಎಷ್ಟು ಸಲ ತೋರಿಸಿಕೊಟ್ಟರೂ ತಲೆಯಾಡಿಸಿ ಬಲಕ್ಕೇ ತಿರುಚುತ್ತಿದ್ದರು. ನನಗೆ ತಕ್ಷಣ ಅರ್ಥವಾಯಿತು. ದೇವರ ಗುಡಿಯನ್ನು ಯಾರಾದರೂ ಎಡಕ್ಕೆ ಸುತ್ತುತ್ತಾರೆಯೇ? ಕಲ್ಲಾದರೇನು, ಸುತ್ತು ಸುತ್ತೇ. ಅವರ ನಿಷ್ಠೆಯನ್ನು ಕಂಡು ನನಗೆ ಭಕ್ತಿ ಬಂತು. ಅವರೇ ಹಾಗಿರುವಾಗ ಸೊಸೆಯಾದ ನಾನು ಅವರ ಕಣ್ಣೆದುರು ಅಪ್ರದಕ್ಷಿಣೆ ಹಾಕಿಸುವುದು ಹೇಗೆ? ನಾನೂ ಬಲಕ್ಕೇ ಅಂಟಿಕೊಂಡೆ. ಡೊರತಿ ಕಾರಣ ಕೇಳಿದಾಗ "ರಿಲಿಜಿಯಸ್" ಎಂದೆ. ಈ ಊರಿನಲ್ಲಿ ಆ ಒಂದು ಮಾತು ಹೇಳಿದರೆ ಆಮೇಲೆ ಯಾರೂ ಏನೂ ಕೇಳುವುದಿಲ್ಲ. ಅದೊಂದು ಸಣ್ಣ ಅನುಗ್ರಹ.

ಸೋಲು ಶುರುವಾಯಿತು. ಎದುರಾಳಿಗಳು ಬಹಳ ಒಳ್ಳೆಯ ಜನ, ಆದರೆ ಕುರುಡರಲ್ಲ. ಎರಡನೆಯ ಪಂದ್ಯದ ಹೊತ್ತಿಗೆ ನಮ್ಮ ಕಲ್ಲು ಒಂದೇ ಕಡೆಯಿಂದ ಬರುತ್ತದೆಂದು ಎಲ್ಲರಿಗೂ ತಿಳಿದುಹೋಯಿತು. ಆ ದಾರಿಗೆ ಒಂದು ಕಲ್ಲು ಅಡ್ಡ ಇಟ್ಟರೆ ನಮ್ಮ ಕಥೆ ಮುಗಿಯಿತು. ನಾನು ಗುರಿ ತೋರಿಸಲು ನಿಂತರೆ ಕೋಲು ಯಾವಾಗಲೂ ನನ್ನ ಬಲಗಡೆಗೆ, ಅಂದರೆ ಆ ತುದಿಯಲ್ಲಿರುವ ಅತ್ತೆಗೆ ಎಡಗಡೆಗೆ. ಕಲ್ಲು ಅಲ್ಲಿಗೆ ಬಂದು ಬಾಗಿ ನಡುವಿಗೆ ಸೇರಬೇಕು. ಅಡ್ಡಗಲ್ಲು ಇದ್ದಾಗ ಅದನ್ನು ಮೆಲ್ಲಗೆ ತಳ್ಳಿಸುವುದು, ನಮ್ಮದೇ ಹಳೆಯ ಕಲ್ಲಿಗೆ ತಾಗಿಸಿ ಮುಂದೆ ದೂಡುವುದು, ಹೀಗೆ ಏನೇನೋ ಉಪಾಯ ಹುಡುಕಿದೆ. ಒಂದೇ ಕಡೆ ತಿರುಗುವ ಕಲ್ಲನ್ನು ಇಟ್ಟುಕೊಂಡು ನಾವು ಸೋಲುತ್ತಿದ್ದದ್ದು ಒಂದೆರಡು ಅಂಕದಲ್ಲಿ ಮಾತ್ರ! ನನಗೆ ನಾನೇ ಶಹಭಾಸ್ ಹೇಳಿಕೊಳ್ಳುತ್ತಿದ್ದೆ, ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ.

ಸೋಲಿಗಿಂತ ದೊಡ್ಡದೊಂದು ಅಲ್ಲಿ ನಡೆಯುತ್ತಿತ್ತು. ನೂರಡಿಗೂ ಮೀರಿದ ಮಂಜುಗಡ್ಡೆಯ ಎರಡು ತುದಿಯಲ್ಲಿ ನಿಂತ ಮೇಲೆ ಮೆಲುದನಿಯ ಮರ್ಯಾದೆ ನಡೆಯುವುದಿಲ್ಲ. ಕೂಗಲೇಬೇಕು. "ಜೋರಾಗಿ ಅತ್ತೆ! ಇನ್ನೂ ಜೋರಾಗಿ!" ಎಂದು ನಾನು. "ಎಲ್ಲೆ ನೋಡ್ಲಿಕ್ಕತ್ತೀ ನೀ? ಕೋಲು ನೆಟ್ಟಗ ಹಿಡಿ!" ಎಂದು ಅವರು. ಅಡುಗೆಮನೆಯಲ್ಲಿ ಎರಡಡಿ ದೂರದಲ್ಲಿ ಅಷ್ಟು ವರ್ಷ ಸಿಗದ ಅತ್ತೆ ನನಗೆ ಆ ತುದಿಯಲ್ಲಿ ಸಿಕ್ಕರು. ಮನೆಗೆ ಬರುವ ದಾರಿಯಲ್ಲಿ ಕಾರಿನ ತುಂಬ ಆ ಕಲ್ಲು ಹಾಗೆ ಹೋಯಿತು, ಈ ಕಲ್ಲು ಹೀಗೆ ಬಂತು ಎಂದು ಮಾತೇ ಮಾತು. ಹಿಂದಿನ ಸೀಟಿನಲ್ಲಿದ್ದ ನಮ್ಮನೆಯವರು ಒಮ್ಮೆ, "ನಾನೂ ಇದೀನಿ ಕಣ್ರಮ್ಮಾ," ಎಂದರು. ನಾವಾಗಲೇ ಮುಂದಿನ ಕಲ್ಲಿಗೆ ಹೋಗಿಯಾಗಿತ್ತು.

ಹೀಗಿರುವಾಗ ಸೀಸನ್ನಿನ ಕೊನೆಯ ಪಂದ್ಯಕ್ಕೆ ಎರಡು ದಿನ ಮುಂಚೆ ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದವರು, ತಲೆ ಎತ್ತದೆ ಹೇಳಿದರು: "ಸುಮಾ, ನಾ ಒಂದು ವಿಚಾರ ಮಾಡೀನಿ. ನನ್ನ ಸಲುವಾಗಿ ನೀ ಸೋಲ್ಲಿಕ್ಕತ್ತೀ. ನನ್ನ ಕೈಯಾಗ ಆಗೂದಿಲ್ಲಿದು. ಶುಕ್ರವಾರದ ಆಟ ಗೆದ್ರ ಸರಿ. ಅದೂ ಸೋತ್ವಿ ಅಂದ್ರ ಮುಂದಿನ ವರ್ಷ ನೀ ಬ್ಯಾರೆ ಯಾರನರ ಜೋಡಿ ಹಚ್ಚಿಕೋ. ನಾ ಇನ್ನ ಬರೂದಿಲ್ಲ."

"ಅಯ್ಯೋ, ಹಾಗೇನಿಲ್ಲ ಅತ್ತೆ, ನಿಮಗೆ ಹೇಗೆ ಅನ್ನಿಸತ್ತೋ ಹಾಗೆ..." ಎಂದುಬಿಟ್ಟೆ. ನಾಲಿಗೆಗೆ ಅಭ್ಯಾಸವಾದ ಮಾತು, ತಾನೇ ಬಂತು. ಬಂದ ಮೇಲೆ ಕಚ್ಚಿಕೊಂಡೆ. ಅವರು ಬಿಟ್ಟರೆ ಮತ್ತೆ ಸೋಫಾ, ಮತ್ತೆ "ನಿಂಗ ಹೆಂಗ ಅನಸ್ತದ ಹಂಗ", ಮತ್ತೆ ಕಲ್ಲಾಗುವ ಉಂಡೆ. ಆ ರಾತ್ರಿ ಮಲಗುವ ಮುಂಚೆ ದೇವರ ಮುಂದೆ ನಿಂತು, "ಒಂದೇ ಒಂದು ಪಂದ್ಯ ಗೆಲ್ಲಿಸು, ಹೆಮ್ಮೆಪಡುವುದಿಲ್ಲ," ಎಂದು ಮಾತು ಕೊಟ್ಟೆ.

ಶುಕ್ರವಾರ ನಮ್ಮೆದುರಿಗೆ ಇದ್ದವರು ಫ್ರಾಂಕ್ ಮತ್ತು ಅವರ ಪಕ್ಕದ ಮನೆಯ ರೋಸಾ. ಫ್ರಾಂಕ್ ಗಾಲಿಕುರ್ಚಿಯಲ್ಲಿ ಕೂತು ಆಡುವವರು. ಕಲ್ಲು ಬಿಟ್ಟರೆಂದರೆ ದಾರದ ಮೇಲೆ ಉರುಳಿದಂತೆ ಹೋಗುತ್ತದೆ. ರೋಸಾಗೆ ಒಂದು ಕಿವಿ ಕೇಳಿಸುವುದಿಲ್ಲ, ಆದರೆ ಯಾವ ಕಲ್ಲು ಎಲ್ಲಿ ನಿಲ್ಲುತ್ತದೆಂದು ಮೊದಲೇ ಕೇಳಿಸಿಕೊಂಡವರಂತೆ ಆಡುತ್ತಾರೆ. ಅಂಥವರ ಎದುರಿಗೆ ಅದೇನು ಮಾಯವೋ, ಕೊನೆಯ ಸುತ್ತಿಗೆ ಬಂದಾಗ ಸಮ ಸಮ. ಕೊನೆಯ ಸುತ್ತು ಅತ್ತೆಯದು, ಕೊನೆಯ ಕಲ್ಲೂ ಅವರದೇ. ನಾನು ಈ ತುದಿಯಲ್ಲಿ. ನಡುವಿನ ಬಿಂದುವಿನ ಹತ್ತಿರ ಫ್ರಾಂಕ್‌ರ ಒಂದು ಕಲ್ಲು. ನಮ್ಮ ಮಾಮೂಲಿ ದಾರಿಗೆ ಸರಿಯಾಗಿ ಅವರದೇ ಇನ್ನೊಂದು ಕಲ್ಲು ಅಡ್ಡ. ಇನ್ನೊಂದು ಕಡೆಯ ದಾರಿ ಮದುವೆ ಮನೆಯ ಬಾಗಿಲಿನ ಹಾಗೆ ತೆರೆದುಕೊಂಡು ಬಿದ್ದಿತ್ತು. ನಾನು ಕೋಲನ್ನು ಎಲ್ಲಿ ನೆಡಲೆಂದು ತಿಳಿಯದೆ ನಿಂತೆ. ಆ ತುದಿಯಿಂದ ಅತ್ತೆಯ ದನಿ ಬಂತು.

"ಏ ಸುಮಾ! ಈ ಕಡೆ ದಾರಿ ಇಲ್ಲ. ಆ ಕಡೆ ಸಲೀಸದ. ಎಡಕ್ಕ ತಿರುಗಸ್ಲೇನು?"

"ಬೇಡ ಅತ್ತೆ! ಒಂದು ಆಟಕ್ಕೋಸ್ಕರ ನಿಮಗ್ಯಾಕೆ ದೋಷ? ಬಲಕ್ಕೇ ಹಾಕಿ, ಸೋತರೆ ಸೋಲೋಣ!"

"ಯಾವ ದೋಷ?"

"ಅಪ್ರದಕ್ಷಿಣೆ!"

"ಹಂಗಂತ ಯಾರು ಹೇಳಿದ್ರು ನಿನಗ?"

"ನೀವೇ ತಾನೆ ಒಂದು ದಿನವೂ ಎಡಕ್ಕೆ ತಿರುಗಿಸಿಲ್ಲ!"

"ನೀ ಬಲಕ್ಕ ತಿರುಗಿಸು ಅಂದಿ, ನಾ ತಿರುಗಿಸಿದೆ! ಇಕಿ ಭಾಳ ಮಡಿವಂತಿ, ಎಡಕ್ಕ ತಿರುಗಿಸಿದ್ರ ಮನಸ್ಸಿಗೆ ಬ್ಯಾಸರಾ ಮಾಡ್ಕೋತಾಳ ಅಂತ ಇಷ್ಟು ದಿನಾ ಕೈ ಬಿಗಿ ಹಿಡದೀನಿ ನಾ!"

"ಅದು ಮೊದಲನೇ ಕಲ್ಲಿಗೆ ಹೇಳಿದ್ದು ಅತ್ತೆ! ಬರೀ ಶಾಸ್ತ್ರಕ್ಕೆ!"

"ಮತ್ತ ಎರಡನೇ ಕಲ್ಲಿಗೆ ಯಾಕ ಬಾಯಿ ತಗೀಲಿಲ್ಲ?"

"ನೀವ್ಯಾಕೆ ಕೇಳಲಿಲ್ಲ?"

"ಸೊಸೀನ್ನ ಕೇಳಿ ದೇವರಿಗೆ ಸುತ್ತು ಹಾಕಬೇಕೇನು ನಾ?"

ಬೇರೆ ಸಾಲುಗಳಲ್ಲಿ ಆಡುತ್ತಿದ್ದವರೂ ಕೋಲು ಊರಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಫ್ರಾಂಕ್ ಮೆಲ್ಲಗೆ ಡೊರತಿಯನ್ನು, "ಆರ್ ದೇ ಓಕೆ?" ಎಂದು ಕೇಳಿದರು. ಡೊರತಿ ಬಹಳ ಗಂಭೀರವಾಗಿ, "ಸ್ಟ್ರಾಟೆಜಿ," ಎಂದರು. ಗಾಜಿನ ಆಚೆ ಕೂತಿದ್ದ ನಮ್ಮನೆಯವರು ಕಾಫಿ ಲೋಟ ಹಿಡಿದು ಎದ್ದು ನಿಂತಿದ್ದರು. ಹೆಂಡತಿಯೂ ಅಮ್ಮನೂ ಜಗಳವಾಡುವುದನ್ನು ಅವರು ಕಂಡದ್ದು ಅದೇ ಮೊದಲು. ಅದನ್ನೂ ಟಿಕೆಟ್ ಇಲ್ಲದೆ ಇಷ್ಟೊಂದು ಜನರ ಜೊತೆ ನಿಂತು ನೋಡಬೇಕಾಯಿತು.

"ಸರಿ ಅತ್ತೆ! ಎಡಕ್ಕೆ!" ಎಂದು ನಾನು ಕೂಗಿದೆ. ಕೂಗಿದ ಭರದಲ್ಲೇ ಕೋಲನ್ನು ಗಟ್ಟಿಯಾಗಿ ನೆಟ್ಟೆ. ಅತ್ತೆ ಕಣ್ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡರು. ಕೋಲು ಸಿಕ್ಕಿಸಿದರು. ನಾಲ್ಕು ಹೆಜ್ಜೆ ಇಟ್ಟರು. ತಿರುಚಿ ಬಿಟ್ಟರು. ಅಬ್ಬಾ, ಆ ಕಲ್ಲು ಬಂದ ಚೆಂದವೇ! ತೂಕ ಸರಿ, ವೇಗ ಸರಿ, ಹೂವಿನ ತಟ್ಟೆ ತಿರುಗಿದ ಹಾಗೆ ಎಡಕ್ಕೆ ಹದವಾಗಿ ಸುತ್ತುತ್ತ ನನ್ನ ಕೋಲಿನ ಕಡೆಗೇ ಬಂತು. ಒಂದು ದಿನವೂ ಅಭ್ಯಾಸ ಮಾಡದ ಕೈ! ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ತುಂಬಿದ ಕಣ್ಣಿಂದಲೇ ನೋಡಿದೆ: ಕೋಲು ನನ್ನ ಬಲಗಡೆಗೆ ಇತ್ತು.

ಎಡಕ್ಕೆ ಬಾಗುವ ಕಲ್ಲಿಗೆ ಗುರಿಯನ್ನು ಇನ್ನೊಂದು ಮಗ್ಗುಲಿಗೆ ಇಡಬೇಕೆಂಬುದು ಅಲ್ಲಿದ್ದ ಮಗುವಿಗೂ ಗೊತ್ತಿರುವ ಸಂಗತಿ. ನಾನು ಜಗಳದ ಭರದಲ್ಲಿ ಅಭ್ಯಾಸಬಲದಿಂದ ಮಾಮೂಲಿ ಮಗ್ಗುಲಿಗೇ ನೆಟ್ಟಿದ್ದೆ. ಅಡ್ಡಗಲ್ಲು ತಪ್ಪಲಿ ಎಂದು ಇನ್ನೂ ಒಂದು ಮೊಳ ಆಚೆಗೇ ನೆಟ್ಟಿದ್ದೆ. ಅತ್ತೆ ನಾನು ತೋರಿಸಿದ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದೆ ಕಳಿಸಿದರು. ಕಲ್ಲು ಕೋಲನ್ನು ಮುಟ್ಟುವಂತೆ ಬಂದು, ಅಲ್ಲಿಂದ ವಿಧೇಯವಾಗಿ ಇನ್ನಷ್ಟು ಹೊರಕ್ಕೆ ಬಾಗಿ, ಸುತ್ತುಗಳಿಗೆಲ್ಲ ದೂರದಿಂದಲೇ ನಮಸ್ಕಾರ ಹಾಕಿ, ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತಿತು. ಒಂದು ಅಂಕದಿಂದ ಸೋತೆವು.

ಎಲ್ಲರೂ ಕೈಕುಲುಕಿದರು. ಫ್ರಾಂಕ್ ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಎಂಥ ಸುಂದರ ಕಲ್ಲು ಎಂದರು. ನನ್ನ ಕೈ ಹಿಡಿದಾಗ ಏನೂ ಹೇಳಲಿಲ್ಲ, ಸಭ್ಯಸ್ಥರು. ಅತ್ತೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ನನ್ನ ತುದಿಯವರೆಗೂ ನಡೆದು ಬಂದರು. ಇನ್ನು ಮುಗಿಯಿತು, ಬರುವುದಿಲ್ಲ ಎನ್ನುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ.

"ಕೋಲು ಎಲ್ಲೆ ಇಟ್ಟಿದ್ದಿ?"

ನಾನು ಬಲಗಡೆ ತೋರಿಸಿದೆ.

"ಎಲ್ಲೆ ಇಡಬೇಕಿತ್ತು?"

ಎಡಗಡೆ ತೋರಿಸಿದೆ.

ಅತ್ತೆಯ ಮುಖ ಮೆಲ್ಲಗೆ ಅರಳಿತು. ಅಂಥ ಅರಳುವಿಕೆಯನ್ನು ನಾನು ಅವರ ಮೊಮ್ಮಗಳು ಹುಟ್ಟಿದ ದಿನ ಒಮ್ಮೆ ಕಂಡಿದ್ದೆ, ಅಷ್ಟೇ. "ಹಂಗಾದ್ರ ಸೋತದ್ದು ನನ್ನಿಂದಲ್ಲ!" ಎಂದರು. ಕಾರಿನಲ್ಲಿ ಕೂತ ಕೂಡಲೇ ಧಾರವಾಡದಲ್ಲಿರುವ ತಂಗಿಗೆ ಫೋನ್ ಹಚ್ಚಿದರು. "ಹ್ಞೂಂ, ಸೋತ್ವಿ. ನಮ್ಮ ಸುಮಾ ಕೋಲು ತಪ್ಪಿಟ್ಟಳು. ಅಕಿ ಬಿಡು, ನನ್ನ ಕಲ್ಲು ಹೆಂಗ ಹೋತಂತೀ! ಕುರ್ಚಿಯಾಗ ಕೂತು ಆಡ್ತಾರಲ್ಲ ಆ ಹಿರಿಯಾರು, ಅವರ ಎರಡೂ ಕೈಲೆ ನನ್ನ ಕೈ ಹಿಡದ್ರು, ಎದ್ದು ನಿಲ್ಲೂದೊಂದ ಬಾಕಿ! ಬರೂ ವರ್ಷ? ಬರೂ ವರ್ಷ ಬಿಡತೀನೇನು?" ನಾನು 680 ಹತ್ತಿ ಗಾಡಿ ಓಡಿಸಿದೆ. ಅಷ್ಟು ವರ್ಷಗಳಲ್ಲಿ ಅತ್ತೆ ನನ್ನನ್ನು ಬಾಯಿತುಂಬ ಬೈದದ್ದು ಅದೇ ಮೊದಲು. ಗೆದ್ದವರಿಗೆ ಕೊಟ್ಟ ಗಾಜಿನ ಬಟ್ಟಲನ್ನು ತಂದುಕೊಟ್ಟಿದ್ದರೂ ನಾನು ಅದಕ್ಕೆ ಬದಲು ಮಾಡಿಕೊಳ್ಳುತ್ತಿರಲಿಲ್ಲ. ಗೆದ್ದರೆ ಹೆಮ್ಮೆಪಡುವುದಿಲ್ಲವೆಂದು ತಾನೆ ನಾನು ಮಾತು ಕೊಟ್ಟದ್ದು? ಸೋತರೆ ಪಡಬಾರದೆಂದು ಮಾತಾಗಿರಲಿಲ್ಲ. ಧಾರಾಳವಾಗಿ ಪಟ್ಟೆ.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹೋದ ವಾರ ಡೊರತಿ ನನ್ನನ್ನು ಪಕ್ಕಕ್ಕೆ ಕರೆದು ನಗು ತಡೆದುಕೊಳ್ಳುತ್ತ ಒಂದು ವಿಷಯ ಹೇಳಿದರು. ಅತ್ತೆ ಅನಘಾಳನ್ನು ದುಭಾಷಿಯಾಗಿ ಕೂರಿಸಿಕೊಂಡು ಅವರಿಗೆ ಫೋನ್ ಮಾಡಿಸಿದ್ದರಂತೆ. ಎರಡೂ ಕಡೆ ಕೋಲು ನೆಡಲು ಬರುವಂಥ ಯಾರಾದರೂ ಖಾಲಿ ಇದ್ದಾರೆಯೇ ಎಂದು ವಿಚಾರಿಸಿದ್ದರಂತೆ. ಮನೆಗೆ ಬಂದು ಅತ್ತೆಯನ್ನೇ ಕೇಳಿದೆ. ಈಗ ನಾವು ಎಲ್ಲವನ್ನೂ ಕೇಳುತ್ತೇವಲ್ಲ. ಅವರು ಒಂಚೂರೂ ಮುಜುಗರಪಡದೆ, "ಹೌದು, ಕೇಳೀನಿ. ಇನ್ನೂ ಏನೂ ಖಾತ್ರಿ ಮಾಡಿಲ್ಲ. ನೀ ಕಲೀತೀಯೇನು ನೋಡ್ತೀನಿ," ಎಂದರು. ಹಾಗಾಗಿ ಮಂಗಳವಾರ ಬೆಳಿಗ್ಗೆ ಪೂಜೆ ಮುಗಿಸಿ, ಸಾರು ಮಾಡಿಟ್ಟು, ನಾನು ಮಂಜುಗಡ್ಡೆಯ ಆ ತುದಿಯಲ್ಲಿ ಕೋಲು ಹಿಡಿದು ನಿಲ್ಲುತ್ತೇನೆ. ಅತ್ತೆ ಈ ತುದಿಯಿಂದ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಕಲ್ಲು ಬಿಡುತ್ತ ನನ್ನನ್ನು ಪರೀಕ್ಷಿಸುತ್ತಾರೆ. ಹಿಂದೆ ನನ್ನನ್ನು ನೋಡಲು ನಮ್ಮ ಮನೆಗೆ ಬಂದಾಗ ಇವರೇ ಒಂದು ದೇವರನಾಮ ಕೇಳಿ, ಒಂದು ತಟ್ಟೆ ಉಪ್ಪಿಟ್ಟು ತಿಂದು, ಏಳುವುದರೊಳಗೆ ಒಪ್ಪಿಗೆ ಹೇಳಿದ್ದರು. ಈ ಸಲದ್ದು ಇನ್ನೂ ಬಂದಿಲ್ಲ.